ದೋಣಿಯಲ್ಲಿ ಕೂತು ಎಣಿಸುವವಳು

ಮೂಗು ಹಿಡಿದು, ಕಿವಿಯೊಳಗಿನ ಗಾಳಿಯನ್ನು ಒಮ್ಮೆ ಟಪ್ಪೆನಿಸಿ
ಅಪ್ಪ ಮುಳುಗಿದ.
ಶಿರಿಯ ಅಳಿವೆಯಾಚೆ, ಕಪ್ಪು ಕಲ್ಲಿನ ಬುಡದಲ್ಲಿ
ಪಚ್ಚಿಲೆ ಗೊಂಚಲು ಗೊಂಚಲು.
ಭಾನುವಾರ. ಮಂಗಲ್ಪಾಡಿ ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ರಜೆ.
ಬಲೆಚೀಲದ ಹಗ್ಗ ಹಿಡಿದು ಎಣಿಸುವುದು ಇವತ್ತಿನ ಕೆಲಸ:
ಒಂಜಿ, ರಡ್ಡ್, ಮೂಜಿ.
ಹತ್ತರ ತನಕ ತುಳು,
ಆಮೇಲೆ ತಾನಾಗಿ ಶಾಲೆಯ ಕನ್ನಡ.

ಮುಖಕ್ಕೆ ನೀರು ತಾಗಿದ್ದೇ ತಡ
ಕೆನ್ನೆಯಿಂದ ಮಿದುಳಿಗೊಂದು ಸುದ್ದಿ ಓಡುತ್ತದೆ,
ಮಿದುಳಿನಿಂದ ಎದೆಗೆ:
ಮೆಲ್ಲ. ಮೆಲ್ಲ ಹೊಡಿ ಮಾರಾಯ, ಇರುವ ಗಾಳಿ ಇಷ್ಟೇ.
ಗುಂಡಿಗೆ ಹೆಜ್ಜೆ ಸಣ್ಣ ಮಾಡುತ್ತದೆ,
ಮಗು ಮಲಗಿದ ಕೋಣೆಗೆ ಬಂದ ಅಜ್ಜಿಯ ಹಾಗೆ.
ಬೆರಳಿನಿಂದ, ಮೀನಖಂಡದಿಂದ ರಕ್ತ ಹಿಂದೆ ಸರಿಯುತ್ತದೆ.
ಕೈಕಾಲು ತಮ್ಮ ಪಾಲು ಬಿಟ್ಟುಕೊಡುತ್ತವೆ,
ಉಳಿಯ ಹಿಡಿತ ಮಾತ್ರ ಬಿಡುವುದಿಲ್ಲ.
ಸಾಲ ತಂದು ದುಡಿಯುತ್ತದೆ ಮಾಂಸ, ಗಾಳಿಯಿಲ್ಲದೆ,
ಹುಳಿಯಾಗುತ್ತ.

ಇಪ್ಪತ್ತೆಂಟು, ಇಪ್ಪತ್ತೊಂಬತ್ತು.

ಎಂಟನೇ ಕ್ಲಾಸಿನಲ್ಲಿ ಗುಲ್ಮ ಎಂದರೆ ನಮಗೆ ನಗು.
ಪರೀಕ್ಷೆಗೆ ಬಾರದ ಅಂಗ. ಎಡ ಪಕ್ಕೆಲುಬಿನ ಅಡಿ
ಯಾರ ಸುದ್ದಿಗೂ ಹೋಗದೆ ಕೂತದ್ದು.
ಉಸಿರು ಕಟ್ಟಿದಾಗ ಅದೇ ಮುಷ್ಟಿ ಬಿಗಿದು
ಕೂಡಿಟ್ಟ ಕೆಂಪು ಕಣಗಳನ್ನು ಹೊರಗೆ ಹಾಕುತ್ತದೆ,
ಅಕ್ಕಿ ಡಬ್ಬದ ತಳದಿಂದ ಅಮ್ಮ ನೋಟು ತೆಗೆದ ಹಾಗೆ.
ಅವನ ರಕ್ತವನ್ನು ಗಾಜಿನ ಮೇಲೆ ಹರಡಿ ನಾನೇ ನೋಡಿದ್ದೇನೆ.
ಏನೂ ತಿಳಿಯಲಿಲ್ಲ. ಎಲ್ಲರದೂ ಹಾಗೆಯೇ,
ನಡುವೆ ಗುಳಿ ಬಿದ್ದ ದುಂಡು.

ಸೇತುವೆಯ ಮೇಲೆ ಕಣ್ಣೂರು ಪ್ಯಾಸೆಂಜರ್. ಎಣಿಕೆ ತಪ್ಪಿತೆ?
ನಲವತ್ತೊಂದು ಅಂದುಕೊಳ್ಳುತ್ತೇನೆ.
ನನ್ನ ಬಾಯಿ ಒಣಗಿದೆ. ಅಂಗೈಯಿಂದ ಹಗ್ಗ ಒದ್ದೆ.
ನಾನೂ ಉಸಿರು ಬಿಟ್ಟಿರಲಿಲ್ಲ.

ಕೆಳಗೆ ಈಗ ಹೊಟ್ಟೆ ಒದೆಯಲು ಸುರುವಾಗಿರಬೇಕು.
"ಒಳಗೊಂದು ಕರು ಉಂಟು, ಕಣ್ಣಿ ಜಗ್ಗುತ್ತದೆ" ಅನ್ನುತ್ತಾನೆ.
ಕರುವಲ್ಲ, ವಪೆ, ಎಂದು ನಾನು ತಿದ್ದಿದ್ದೆ;
ಒಳ್ಳೆಯ ಗಾಳಿ ಮುಗಿದದ್ದಕ್ಕಲ್ಲ, ಕೆಟ್ಟದ್ದು ತುಂಬಿದ್ದಕ್ಕೆ ಒದೆತ.
"ಹೌದಾ? ಅದಕ್ಕೇ ಹೇಳು."
ಮೊದಲ ಒದೆತಕ್ಕೆ ಹೆದರಬಾರದು,
ಏಳನೆಯದಕ್ಕೆ ಅಲ್ಲಿ ಇರಬಾರದು:
ಇದು ಅವನ ಪಾಠ.

ಅರವತ್ತನಾಲ್ಕು.
ತಲೆ.
ಹಳೆಯ ಬಾಗಿಲು ತೆರೆದ ಸದ್ದಿನ ಉಸಿರು.
ತುಟಿ ನೀಲಿ, ಮತ್ತೆ ಬೂದಿ, ಮತ್ತೆ ತುಟಿ.
ಹೆಬ್ಬೆರಳಲ್ಲಿ ಚಿಪ್ಪು ಕೊಯ್ದ ಗಾಯ;
ಈಗ ನೆನಪಾದಂತೆ ರಕ್ತ ಅಲ್ಲಿಗೆ ಬರುತ್ತದೆ,
ಬಂದು, ತಾನೇ ಹೆಪ್ಪುಗಟ್ಟಿ ಕದ ಹಾಕುತ್ತದೆ.
ತೊಡೆ ನಡುಗಿ ನಡುಗಿ ಕಾವು ಹುಟ್ಟಿಸುತ್ತದೆ.
"ಆಚೆ ತಿರುಗು," ಅನ್ನುತ್ತಾನೆ.
ಕೈಕಾಲಿನ ರಕ್ತವೆಲ್ಲ ಎದೆಗೆ ನುಗ್ಗಿದ್ದು ಕಂಡು
ಮೈಯಲ್ಲಿ ನೀರು ಹೆಚ್ಚಾಯಿತೆಂದು ಕಿಡ್ನಿ ಮೋಸಹೋಗಿದೆ.
ನಾನು ಸೇತುವೆ ನೋಡುತ್ತೇನೆ. ರೈಲು ಯಾವಾಗಲೋ ಹೋಗಿದೆ.

ಫ್ಲಾಸ್ಕಿನ ಬೆಲ್ಲದ ಕಾಫಿ.
"ಎಷ್ಟು?"
"ತೊಂಬತ್ತು," ಅಂದೆ.
ಅದು ಹೋದ ವರ್ಷದ ಲೆಕ್ಕ.
ಅಪ್ಪ ಕಾಫಿ ಊದುತ್ತಾನೆ.
"ನಾನೂ ಎಣಿಸುತ್ತೇನೆ ಕೆಳಗೆ. ಇದರಲ್ಲಿ," ಎದೆ ತಟ್ಟುತ್ತಾನೆ.
"ನಲವತ್ತಾಯಿತು."

ನೀರಿನಡಿ ನಿಧಾನವಾಗುವ ಗಡಿಯಾರ ಅದು,
ನನ್ನದಕ್ಕೂ ಅದಕ್ಕೂ ತಾಳೆ ಬೀಳುವುದಿಲ್ಲ
ಎಂದು ಹೇಳಬಹುದಿತ್ತು. ಹೇಳಲಿಲ್ಲ.
ಅವನೂ ಮುಂದೆ ಕೇಳಲಿಲ್ಲ.
ಬುಟ್ಟಿಯಲ್ಲಿ ಪಚ್ಚಿಲೆಗಳು ಬಾಯಿ ಬಿಗಿದು ಕೂತಿವೆ,
ಒಳಗೆ ಸ್ವಲ್ಪ ಕಡಲು ಇಟ್ಟುಕೊಂಡು.

ಲೋಟ ನನ್ನ ಕೈಗೆ ಕೊಟ್ಟು ಮತ್ತೆ ಮೂಗು ಹಿಡಿದ.
ಒಂಜಿ.